ಗೇಟಿನ ಬಳಿ ಪ್ರಾಯೋಗಿಕ ಪರೀಕ್ಷೆ

ಮೂರು ದಿನ ಗಡ್ಡ ಬಿಟ್ಟದ್ದೇ ತಪ್ಪಾಯಿತು. ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್ ಬೆಳಿಗ್ಗೆ ಹಲ್ಲುಜ್ಜಿ ಬಂದಾಗ ಅವನ ಹೆಂಡತಿ ಕಣ್ಣರಳಿಸಿ ನೋಡಿ, "ರೀ, ಇವತ್ತು ನನಗೆ ಈ ಮುಖ ಬೇಕೇ ಬೇಕು" ಅಂದಳು. ಮದುವೆಯಾದಾಗಿನಿಂದ ಇಂಥ ಮಾತು ಕೇಳದಿದ್ದ ಬೈಂಡರ್, ಪಾಪ, ನಾಚಿ ನೀರಾದ.

ಆಕೆ ಹೈಸ್ಕೂಲು ಟೀಚರ್. ಮಕ್ಕಳಿಗೆ ಮಾದಕ ವಸ್ತುಗಳ ಬಗ್ಗೆ ಎರಡು ಪಾಠ ಮಾಡಿದ್ದಳು. ಪಾಠ ತಲೆಗೆ ಹತ್ತಿದೆಯೋ ಇಲ್ಲವೋ ನೋಡಬೇಕಿತ್ತು.

"ಊಟದ ಬಿಡುವಲ್ಲಿ ಗೇಟ್ ಹತ್ರ ಬಂದು, ಈ ಪೊಟ್ಟಣ ತೋರಿಸಿ 'ಬೇಕಾ' ಅಂತ ಕೇಳಿ. ಅಷ್ಟೇ. ಒಳಗಿರೋದು ಸೀಮೆಸುಣ್ಣದ ಪುಡಿ."

"ಅಯ್ಯೋ, ಹಿಡ್ಕೊಂಡು ಚಚ್ಚಿಬಿಟ್ರೆ?"

"ನಾನಲ್ಲೇ ಇರ್ತೀನಲ್ರೀ. ತಕ್ಷಣ ಬಂದು, ಇವರು ನಮ್ಮೆಜಮಾನ್ರು ಅಂತ ಹೇಳ್ತೀನಿ."

ಬೈಂಡರನದು ಮೊದಲೇ ಪುಕ್ಕಲು ಜೀವ. ಮನೆಯಲ್ಲಿ ಅಂಟು ಕುದಿಸುವಾಗ ಬೆನ್ನ ಹಿಂದೆ ಯಾರಾದರೂ ಸೀನಿದರೂ ಡಬ್ಬಿ ಕೈಜಾರುತ್ತಿತ್ತು. ಆದರೆ ಹೆಂಡತಿಗೆ ಆಗಲ್ಲ ಅನ್ನುವುದಕ್ಕೆ ಇನ್ನೂ ಹೆಚ್ಚಿನ ಧೈರ್ಯ ಬೇಕು ನೋಡಿ, ಒಪ್ಪಿಕೊಂಡ.

ಮಧ್ಯಾಹ್ನ ಗೇಟಿನ ಹತ್ತಿರ ಬಂದು ನಿಂತ. "ಬೇ... ಬೇಕೇನ್ರಮ್ಮ?" ಎಂದು ಪೊಟ್ಟಣ ಚಾಚಿದ.

ಕನ್ನಡಕದ ಹುಡುಗಿಯೊಬ್ಬಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕೈ ನಡುಗ್ತಿದೆ. ಕಣ್ಣು ಒಂದು ಕಡೆ ನಿಲ್ತಿಲ್ಲ. ಮೈಯೆಲ್ಲಾ ಬೆವರು. ಮಿಸ್ ಹೇಳಿದ್ದೆಲ್ಲಾ ಇದೆ ಕಣ್ರೇ!"

"ಗಮ್ ವಾಸನೆ ಬೇರೆ ಬರ್ತಿದೆ! ಮೂಸ್ತಾನೆ ಇವನು!" ಎಂದಳು ಪಕ್ಕದವಳು.

"ನಾನು ಬೈಂಡರ್ ಕಣಮ್ಮ!"

"ಏನಾದ್ರೂ ನೆಪ ಹೇಳ್ತಾರೆ ಅಂತಾನೂ ಮಿಸ್ ಹೇಳಿದ್ರು!"

ಯಾರೋ ಸಿಳ್ಳೆ ಹಾಕಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಶಾಲೆ ಅವನ ಸುತ್ತ ನಿಂತಿತು. ಹೆಂಡತಿ ಎಲ್ಲಿ? ಮುಖ್ಯೋಪಾಧ್ಯಾಯಿನಿ ಕರೆದರೆಂದು ಹೋದವಳು ಅವರ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತಿದ್ದಳು. ಬೈಂಡರ್ ಕತ್ತು ಉದ್ದ ಮಾಡಿ ಅತ್ತ ಇತ್ತ ನೋಡಿದ. "ಲೇ, ಬಾರೇ!" ಎಂದು ಕಿರುಚಿದ.

"ಕಿರುಚ್ತಾನೆ ನೋಡ್ರೋ!" ಎಂದು ಎತ್ತರದ ಹುಡುಗನೊಬ್ಬ ತೋಳೇರಿಸಿ ಮುಷ್ಟಿ ಬಿಗಿದ. ಬೈಂಡರ್ ಪೊಟ್ಟಣವನ್ನೇ ಮುಖಕ್ಕೆ ಅಡ್ಡ ಹಿಡಿದ.

"ಏಯ್, ಬೇಡ! ಸಿಟ್ಟು ಬಂದ್ರೆ ಏನ್ಮಾಡ್ಬೇಕು? ಎರಡನೇ ಪಾಠ!" ಎಂದಳು ಕನ್ನಡಕದವಳು.

ಹುಡುಗ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದ. ಮಿಕ್ಕವರೂ ಎಳೆದರು. "ಅಂಕಲ್, ದಯವಿಟ್ಟು ಕೂತ್ಕೊಳ್ಳಿ. ಯಾರೂ ಮುಟ್ಟಲ್ಲ" ಎಂದ ಹುಡುಗ. ಆ ವಿನಯ ಮುಷ್ಟಿಗಿಂತ ಭಯಂಕರವಾಗಿತ್ತು. ಬೈಂಡರ್ ಮಣ್ಣಲ್ಲೇ ಕೂತ.

ಅಷ್ಟರಲ್ಲಿ ಆ ದಾರಿಯಲ್ಲಿ ಹೊರಟಿದ್ದ, ಬೈಂಡರನ ಪಕ್ಕದ ಮನೆಯ ನಿವೃತ್ತ ಕಂಪೌಂಡರ್ ಗುಂಪಿನೊಳಗೆ ಇಣುಕಿದರು. ಬೈಂಡರನಿಗೆ ದೇವರೇ ಬಂದಂತಾಯಿತು. "ಸಾರ್, ನಾನ್ಯಾರು ಅಂತ ಇವರಿಗೆ ಹೇಳಿ ಸಾರ್!"

"ಗೊತ್ತು, ಗೊತ್ತು. ದಿನಾ ಬಾಗಿಲು ಹಾಕ್ಕೊಂಡು ಅದೇನೋ ಕುದಿಸ್ತಾನೆ. ನನಗೆ ಮೊದಲಿಂದಲೂ ಅನುಮಾನ!" ಎಂದ ಕಂಪೌಂಡರ್ ಅಲ್ಲೇ ನಿಂತು ಪೊಲೀಸರಿಗೆ ಫೋನ್ ಮಾಡಿದರು.

ಜೀಪು ಬಂತು. ಇನ್ನು ಕಂಬಿ ಎಣಿಸುವುದೇ ಗತಿ ಎಂದು ಬೈಂಡರ್ ಗೊಳೋ ಎಂದು ಅತ್ತ. ಆಗ ಓಡಿ ಬಂದಳು ಹೆಂಡತಿ. ಏದುಸಿರು ಬಿಡುತ್ತಾ ಎಲ್ಲ ಹೇಳಿದಳು. ಇನ್‌ಸ್ಪೆಕ್ಟರ್ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಕ್ಕಳು ಚಪ್ಪಾಳೆ ತಟ್ಟಿದರು. ಕಂಪೌಂಡರ್ ಎಲ್ಲರಿಗಿಂತ ಜೋರಾಗಿ ತಟ್ಟಿದರು.

"ಭೇಷ್! ಇಷ್ಟು ಚೆನ್ನಾಗಿ ಹೆದರೋ ನಟ ಎಲ್ಲಿ ಸಿಗ್ತಾರೆ? ನಾಳೆ ಮಾರ್ಕೆಟ್ ಹಿಂದಿನ ಹುಡುಗರ ಶಾಲೆಗೂ ನೀವೇ ಬರಬೇಕು. ನಮ್ಮ ಇಲಾಖೆ ಕಡೆಯಿಂದ ನಿಮ್ಮನೆಯವರೇ ಅಲ್ಲೂ ಈ ಪಾಠ ಮಾಡ್ತಿದ್ದಾರೆ" ಎಂದರು ಇನ್‌ಸ್ಪೆಕ್ಟರ್.

ಪೊಲೀಸರಿಗೆ ಇಲ್ಲ ಅನ್ನುವುದುಂಟೇ? ಬೈಂಡರ್ ಕಣ್ಣೊರೆಸಿಕೊಂಡು ಹೆಂಡತಿಯ ಕಡೆ ತಿರುಗಿದ. "ಅಲ್ಲಿಯ ಹುಡುಗರೂ ಹೀಗೇ ಕಣ್ಮುಚ್ಚಿ ಉಸಿರೆಳ್ಕೋತಾರಲ್ವೇನೇ?"

ಆಕೆ ಅವನ ಅಂಗಿಯ ಮಣ್ಣು ಕೊಡವುತ್ತಾ ಮೆಲ್ಲಗೆ ಹೇಳಿದಳು: "ಅಲ್ಲಿ ಮೊದಲನೇ ಪಾಠ ಮಾತ್ರ ಮುಗಿದಿದೆ ರೀ. ಎರಡನೇದು ಮುಂದಿನ ವಾರ."