ಅಮೆರಿಕದ ಫುಟ್‌ಬಾಲಿಗೆ ಸ್ವೋರ್ಡ್ಸಿನ ಅಧ್ಯಕ್ಷೆ

ನಾನು ಎಲ್ಲಿ ಹೋಗಿ ಕೂತ್ರೂ ಅಲ್ಲೊಂದು ಸಮಿತಿ ಹುಟ್ಕೊಳ್ಳುತ್ತೆ, ಅದಕ್ಕೆ ನಾನೇ ಅಧ್ಯಕ್ಷೆ ಆಗಿರ್ತೀನಿ. ಯಾರೂ ಕರೀಬೇಕಾಗಿಲ್ಲ. ಮೈಸೂರಲ್ಲಿ ಗಣಪತಿ ಕೂರಿಸೋ ಸಮಿತಿ, ಆಫೀಸಲ್ಲಿ ಪಿಕ್ನಿಕ್ ಸಮಿತಿ, ಡಬ್ಲಿನ್ ಪಕ್ಕದ ಸ್ವೋರ್ಡ್ಸ್‌ಗೆ ಬಂದ್ಮೇಲೆ ಯುಗಾದಿ ಊಟದ ಸಮಿತಿ. ಕೊರೋನಾ ಬಂದು, ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗ್ಬೇಡಿ ಅಂತ ಸರ್ಕಾರ ಹೇಳಿದ್ಮೇಲೆ ಅದೂ ನಿಂತ್ಹೋಯ್ತು. ಆಗ ನನ್ನ ಕೈಗೆ ಸಿಕ್ಕಿದ್ದು ಅಮೆರಿಕದ ಫುಟ್‌ಬಾಲ್.

ಲಾಕ್‌ಡೌನ್ ಅಂತ ಟೀವಿಯೋರು ಸ್ಪೋರ್ಟ್ಸ್ ಚಾನೆಲ್ ಫ್ರೀ ಬಿಟ್ಟಿದ್ರು. ಭಾನುವಾರ ಸಂಜೆ ಆರಕ್ಕೆ ಆಟ. ಅದನ್ನ ನೋಡ್ತಾ ನೋಡ್ತಾ ನಾಲ್ಕು ಮನೆಯವರು ವೀಡಿಯೊ ಕಾಲ್‌ನಲ್ಲಿ ಸೇರ್ತಿದ್ವಿ. ನಾನು, ನಮ್ಮನೆಯವರು, ಮಗಳು ಒಂದು ಮನೆ. ಕಾರ್ಕ್‌ನ ಹಾಲಿಹಿಲ್‌ನಲ್ಲಿರೋ ಸಾಫ್ಟ್‌ವೇರ್ ಗಂಡ ಹೆಂಡ್ತಿ ಇನ್ನೊಂದು. ನಮ್ಮ ಹಿಂದಿನ ರಸ್ತೆಯ ಬ್ಯಾಚುಲರ್ ಇಂಜಿನಿಯರ್ ಮೂರನೇದು. ನಾಲ್ಕನೇದು ಬ್ಯೂಮಾಂಟ್ ಆಸ್ಪತ್ರೆ ಹತ್ರ ಒಂದು ರೂಮ್ ಹಿಡ್ಕೊಂಡಿದ್ದ ಡಾಕ್ಟ್ರು. ಅವರ ಹೆಂಡ್ತಿ ಮಗು ಊರಿಗೆ ಹೋದೋರು, ವೀಸಾ ವಿಮಾನ ಎಲ್ಲ ನಿಂತು ಅಲ್ಲೇ ಸಿಕ್ಕಾಕೊಂಡಿದ್ರು. ವಾರವೆಲ್ಲ ಕೊರೋನಾ ವಾರ್ಡು, ಭಾನುವಾರ ನಮ್ಮ ಜೊತೆ ನಾಲ್ಕು ಮಾತು ಕನ್ನಡ, ಅಷ್ಟೇ ಅವರ ಪ್ರಪಂಚ.

ಫ್ರೀ ಕಾಲ್ ನಲವತ್ತು ನಿಮಿಷಕ್ಕೆ ಕಟ್ ಆಗ್ತಿತ್ತು. ನಾಲ್ಕು ಮನೆ, ನಾಲ್ಕು ತಂಡ, ಎಲ್ಲರಿಗೂ ತಮ್ಮ ತಂಡದ ಬಗ್ಗೆ ಭಾಷಣ ಮಾಡ್ಬೇಕು. ಯಾರಿಗೂ ಟೈಮ್ ಸಾಲ್ತಿರ್ಲಿಲ್ಲ. ಅದಕ್ಕೆ ನಾನೊಂದು ಕಾನೂನು ತಂದೆ: ತಿಂಗಳ ಕೊನೇಲಿ ಸಭೆ ಸೇರಿ, ಯಾವ ತಂಡಕ್ಕೆ ಲೀಗಲ್ಲಿರೋ ಯೋಗ್ಯತೆ ಇಲ್ಲ ಅಂತ ತೀರ್ಮಾನಿಸಿ ಒಂದನ್ನ ತೆಗೀಬೇಕು. ತಂಡ ಹೋದೋರು ಬಂದು ಕೂತ್ಕೋಬಹುದು, ಭಾಷಣ ಇಲ್ಲ. ಇದನ್ನೆಲ್ಲ ಕೇಳಿಸ್ಕೊಂಡ ನನ್ನ ಮಗಳು, ಇಲ್ಲೇ ಹುಟ್ಟಿ ಇಲ್ಲಿಯೋರ ಥರ ಅಮ್ಮನ್ನ ಮ್ಯಾಮ್ ಅನ್ನೋಳು, "ಮ್ಯಾಮ್, ಹೂ ಪುಟ್ ಯೂ ಇನ್ ಚಾರ್ಜ್, ಲೈಕ್?" ಅಂದ್ಲು. ಅಧ್ಯಕ್ಷೆ ಅಂದ್ಮೇಲೆ ವಿರೋಧ ಪಕ್ಷ ಇರೋದೇ.

ತಂಡ ಆರಿಸಿದ್ದು

ಆಟ ಏನಂತ ಯಾರಿಗೂ ಗೊತ್ತಿರ್ಲಿಲ್ಲ. ಆದ್ರೆ ಒಂದೇ ವಾರದಲ್ಲಿ ಅರ್ಥ ಆಯ್ತು. ಐದು ಸೆಕೆಂಡ್ ಓಡ್ತಾರೆ, ಆಮೇಲೆ ಎಲ್ಲರೂ ತಲೆ ತಗ್ಗಿಸಿ ಗುಂಪಾಗಿ ನಿಂತು ಮೀಟಿಂಗ್ ಮಾಡ್ತಾರೆ. ಮತ್ತೆ ಐದು ಸೆಕೆಂಡ್ ಓಟ, ಮತ್ತೆ ಮೀಟಿಂಗ್. "ಇದು ನಮ್ಮ ಪ್ರಾಜೆಕ್ಟೇ ಕಣ್ರೀ," ಅಂದ್ರು ಹಾಲಿಹಿಲ್ ಯಜಮಾನ್ರು.

ತಂಡ ಆರಿಸೋದರಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ. ಹಾಲಿಹಿಲ್ ಯಜಮಾನ್ತಿ ರೇಷ್ಮೆ ಸೀರೆ ಅಂಗಡೀಲಿ ಕೂತ ಹಾಗೆ ಎಲ್ಲಾ ತಂಡದ ಜರ್ಸಿಗಳನ್ನೂ ಕಂಪ್ಯೂಟರಲ್ಲಿ ತೆಗೆಸಿ ನೋಡಿದ್ರು. "ಇದು ಬೇಡ, ಮೈಬಣ್ಣಕ್ಕೆ ಒಪ್ಪಲ್ಲ. ಇದರಲ್ಲೇ ಬಾರ್ಡರ್ ದೊಡ್ಡದಿರೋದು ಇಲ್ವಾ?" ಅಂತ ಎರಡು ಗಂಟೆ ಹೊತ್ತು ನೋಡಿ, ಮೊದಲು ತೋರಿಸಿದ್ದನ್ನೇ ಆರಿಸಿದ್ರು.

ಡಾಕ್ಟ್ರು ಮಾತ್ರ ವಿಜ್ಞಾನದ ಪ್ರಕಾರ ಹೋದ್ರು. ಪ್ರತಿ ತಂಡದಲ್ಲೂ ಎಷ್ಟು ಜನಕ್ಕೆ ಪೆಟ್ಟಾಗಿದೆ ಅಂತ ನೋಡಿ, ಎಲ್ಲಕ್ಕಿಂತ ಕಮ್ಮಿ ಗಾಯ ಇರೋ ತಂಡ ಹಿಡಿದ್ರು. "ಆರೋಗ್ಯವೇ ಭಾಗ್ಯ ಮೇಡಂ," ಅಂತ ನಕ್ಕರು. ಆಟ ಶುರುವಾದ್ಮೇಲೆ ತಾನೇ ಗೊತ್ತಾಗಿದ್ದು, ಅವರಿಗೆ ಗಾಯ ಯಾಕೆ ಆಗ್ತಿರ್ಲಿಲ್ಲ ಅಂತ. ಪುಣ್ಯಾತ್ಮರು ಚೆಂಡಿನ ಹತ್ರಾನೇ ಹೋಗ್ತಿರ್ಲಿಲ್ಲ.

ರಾಹುಕಾಲ

ಮೊದಲ ತಿಂಗಳ ಕೊನೇಲಿ ಬ್ಯಾಚುಲರ್ ತಂಡ ತಳದಲ್ಲಿತ್ತು. ತೆಗೀತೀವಿ ಅಂದಾಗ ಅವನು ವಕೀಲನ ಥರ ಎದ್ದು ನಿಂತ.

"ಅಕ್ಕಾ, ಇದು ಲೆಕ್ಕಕ್ಕೆ ಬರಲ್ಲ. ಭಾನುವಾರ ರಾಹುಕಾಲ ನಾಲ್ಕೂವರೆಯಿಂದ ಆರು. ಟಾಸ್ ಹಾಕಿದ್ದು ಆರಕ್ಕೆ ಸ್ವಲ್ಪ ಮುಂಚೆ."

"ಅದು ನಮ್ಮೂರ ರಾಹುಕಾಲ ಕಣಪ್ಪಾ," ಅಂದ್ರು ನಮ್ಮನೆಯವರು. "ಇಲ್ಲಿ ಈಗ ನಾಲ್ಕೂವರೆಗೇ ಕತ್ತಲಾಗುತ್ತೆ. ಸೂರ್ಯನೇ ಮನೆಗೆ ಹೋದ್ಮೇಲೆ ರಾಹು ಏನ್ ಮಾಡ್ತಾನೆ?"

"ಆಟ ನಡೀತಿರೋದು ಅಮೆರಿಕದಲ್ಲಿ. ಅಲ್ಲಿ ಮಟಮಟ ಮಧ್ಯಾಹ್ನ," ಅಂದ್ರು ಹಾಲಿಹಿಲ್ ಯಜಮಾನ್ರು.

ನಾನು ಎಲ್ಲರ ಬಾಯಿ ಮುಚ್ಚಿಸಿ ತೀರ್ಪು ಕೊಟ್ಟೆ. "ನೋಡಪ್ಪಾ, ಟಾಸ್ ಒಂದೇ, ಎರಡು ತಂಡಕ್ಕೂ ಸೇರಿದ್ದು. ರಾಹುಕಾಲ ಆಗಿದ್ರೆ ಆ ಕಡೆಯೋರಿಗೂ ಆಗ್ಬೇಕಿತ್ತಲ್ಲ, ಅವರು ಹೇಗೆ ಗೆದ್ರು?"

ಅವನು ಒಂಚೂರೂ ಅಳುಕಲಿಲ್ಲ. "ಅವರು ರಾಹುಕಾಲ ನಂಬಲ್ಲ ಅಕ್ಕಾ. ನಂಬೋರಿಗೆ ತಾನೆ ಅದು ತಗಲೋದು?"

ನೆಟ್ ಇಲ್ಲ

ಅಂತೂ ಅವನ ತಂಡ ತೆಗೆದ್ವಿ. ಮುಂದಿನ ಭಾನುವಾರ ಅವನು ಬರ್ಲಿಲ್ಲ. ಅದರ ಮುಂದಿನ ಭಾನುವಾರನೂ ಇಲ್ಲ. ಫೋನ್ ಮಾಡಿದೆ. "ನೆಟ್ ಇಲ್ಲ ಅಕ್ಕಾ, ಏನ್ ಮಾಡ್ಲಿ," ಅಂದ. ನಾನೂ ಅಯ್ಯೋ ಪಾಪ ಅಂದ್ಕೊಂಡು ಫೋನ್ ಇಟ್ಟೆ. ಆಮೇಲೆ ಹೊಳೀತು, ಅವನು ಕೆಲಸ ಮಾಡ್ತಿದ್ದದ್ದೇ ನೆಟ್ ಕೊಡೋ ಕಂಪನೀಲಿ.

ಕಾರಲ್ಲಿ ಕೂತ ಡಾಕ್ಟ್ರು

ಡಾಕ್ಟ್ರು ಡ್ಯೂಟಿ ಮುಗಿಸಿ, ರೂಮಿಗೂ ಹೋಗದೆ, ಪಾರ್ಕಿಂಗಲ್ಲಿ ಕಾರಲ್ಲೇ ಕೂತು ಕಾಲ್‌ಗೆ ಬರೋರು. ಮೊಬೈಲು ಸ್ಟೇರಿಂಗ್‌ಗೆ ಒರಗಿಸಿ, ಮೊಸರನ್ನದ ಡಬ್ಬಿ ತೆಗೆದು, ಎರಡು ತುತ್ತು ತಿನ್ನೋಷ್ಟರಲ್ಲಿ ನಿದ್ದೆ. ನಾವು ಅವರ ಗೊರಕೆ ಕೇಳ್ತಾ ಅವರ ತಂಡ ಸೋಲೋದನ್ನ ನೋಡ್ತಿದ್ವಿ.

ಒಂದು ಸಲ ಅದೇನಾಯ್ತೋ, ಅವರ ತಂಡದೋನೊಬ್ಬ ಚೆಂಡು ಹಿಡ್ಕೊಂಡು ಕೊನೇ ಗೆರೆ ತನಕ ಓಡಿಬಿಟ್ಟ. ಹಾಲಿಹಿಲ್ ಯಜಮಾನ್ರು ಕುರ್ಚಿಯಿಂದ ಎದ್ದು, "ಡಾಕ್ಟ್ರೇ, ಏಳ್ರೀ! ಎದ್ದೇಳ್ರೀ!" ಅಂತ ಕಿರುಚಿದ್ರು.

ಡಾಕ್ಟ್ರು ಕಣ್ಣೂ ಬಿಡದೆ ಕೇಳಿದ್ರು, "ಬಿಪಿ ಎಷ್ಟಿದೆ?"

ಮತದಾನ

ಎರಡನೇ ತಿಂಗಳ ಕೊನೆ ಬಂತು. ಅಂಕಪಟ್ಟಿ ನೋಡಿದ್ರೆ ಡಾಕ್ಟ್ರ ತಂಡ ಪಾತಾಳದಲ್ಲಿತ್ತು. ನನ್ನ ಕಾನೂನಿನ ಪ್ರಕಾರ ಹೋಗ್ಬೇಕಾಗಿದ್ದು ಅವರೇ. ಆ ವಾರ ನನಗೆ ಸರಿಯಾಗಿ ಊಟ ಸೇರ್ಲಿಲ್ಲ, ನಿಜ ಹೇಳ್ತೀನಿ. ಬ್ಯಾಚುಲರ್ ಮುನಿಸ್ಕೊಂಡು ಹೋದ್ರೆ ಪರವಾಗಿಲ್ಲ, ಅವನಿಗೆ ಹತ್ತು ಜನ ಸ್ನೇಹಿತರು. ಈ ಮನುಷ್ಯ ಭಾನುವಾರನೂ ಬರೋದು ಬಿಟ್ರೆ ಆ ರೂಮಲ್ಲಿ ಗೋಡೆ ಜೊತೆ ಮಾತಾಡ್ಬೇಕು. "ನೀನೇ ಮಾಡಿದ ಕಾನೂನು, ಅನುಭವಿಸು," ಅಂದ್ರು ನಮ್ಮನೆಯವರು. ಕಾನೂನು ಮಾಡೋಕೆ ಬರೋಳಿಗೆ ತಿದ್ದೋಕೆ ಬರಲ್ವೇ?

ಸಭೆ ಶುರುವಾದ ತಕ್ಷಣ ಗಂಟಲು ಸರಿಮಾಡ್ಕೊಂಡು ಹೇಳ್ದೆ. "ಯೋಗ್ಯತೆ ಅಂದ್ರೆ ಬರೀ ಗೆಲ್ಲೋದಲ್ಲ. ಅದಕ್ಕೆ ಈ ಸಲ ಮತದಾನ. ಮನೆಗೊಂದು ಓಟು. ಯಾವ ಮನೆ ತಂಡ ಹೋಗ್ಬೇಕು ಅಂತ ಹಾಳೇಲಿ ಬರೀರಿ, ನಾನು ಮೂರು ಎಣಿಸಿದಾಗ ಎಲ್ಲರೂ ಒಟ್ಟಿಗೆ ಕ್ಯಾಮೆರಾಗೆ ತೋರಿಸಿ."

ನನ್ನ ಹಾಳೇಲಿ ನಾನು 'ಸ್ವೋರ್ಡ್ಸ್' ಅಂತ ನಮ್ಮನೇನೇ ಬರ್ದೆ. ಡಾಕ್ಟ್ರು ಸ್ವಾಭಿಮಾನಿ ಮನುಷ್ಯ, ತಮ್ಮನ್ನೇ ಬರ್ಕೋತಾರೆ ಅಂತ ಗೊತ್ತಿತ್ತು. ಹಾಲಿಹಿಲ್‌ನೋರು ಏನ್ ಬರೀತಾರೋ ದೇವರಿಗೇ ಗೊತ್ತು, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಧ್ಯಕ್ಷರ ವಿಶೇಷಾಧಿಕಾರ ಅಂತ ಒಂದು ಹುಟ್ಟುಹಾಕಿದ್ರಾಯ್ತು ಅಂದ್ಕೊಂಡೆ.

ಒಂದು, ಎರಡು, ಮೂರು.

ಹಾಲಿಹಿಲ್‌ನೋರ ಹಾಳೆ ಮೇಲೆ ದಪ್ಪ ಅಕ್ಷರದಲ್ಲಿ 'ಹಾಲಿಹಿಲ್' ಅಂತಿತ್ತು! ಅವರೂ ಡಾಕ್ಟ್ರಿಗೋಸ್ಕರ ತಮ್ಮ ಕತ್ತಿಗೆ ತಾವೇ ಕತ್ತಿ ಇಟ್ಕೊಂಡಿದ್ರು. ಯಜಮಾನ್ತಿ ಕಣ್ಣು ಒರೆಸ್ಕೊಳ್ತಿದ್ರು. ಡಾಕ್ಟ್ರು ತಮ್ಮನ್ನೇ ಬರ್ಕೊಂಡಿದ್ರೆ ಮೂರು ಮನೆಗೂ ಒಂದೊಂದು ಓಟು, ಯಾರೂ ಹೋಗಲ್ಲ, ಎಲ್ಲ ಸರಿಹೋಯ್ತು, ಇಲ್ಲಿಯೋರ ಮಾತಲ್ಲಿ ಎಲ್ಲ ಗ್ರ್ಯಾಂಡ್.

ಡಾಕ್ಟ್ರು ಕಾರಿನ ದೀಪ ಹಾಕಿ, ಗ್ಲೌಸ್ ಡಬ್ಬಿಯ ರಟ್ಟಿನ ಮೇಲೆ ಬರೆದಿದ್ದನ್ನ ಕ್ಯಾಮೆರಾ ಹತ್ರ ತಂದ್ರು.

'ಸ್ವೋರ್ಡ್ಸ್.'

ನನ್ನ ಓಟು ಒಂದು, ಅವರದೊಂದು. ನಾನೇ ಕಟ್ಟಿದ ಲೀಗಿಂದ ನಾನೇ ಹೊರಗೆ.

"ಏನ್ ಡಾಕ್ಟ್ರೇ ಇದು!" ಅಂತ ಕೂಗ್ದೆ. "ನಿಮಗೋಸ್ಕರ ನಾವು ಇಷ್ಟೆಲ್ಲ ಒದ್ದಾಡಿದ್ರೆ, ನೀವು ನನ್ನನ್ನೇ ತೆಗೆಯೋದಾ?"

"ಬೇಜಾರು ಮಾಡ್ಕೋಬೇಡಿ ಮೇಡಂ," ಅಂದ್ರು ಅವರು, ಯಾವುದೋ ರಿಪೋರ್ಟ್ ವಿವರಿಸೋ ದನಿಯಲ್ಲಿ. "ತುಂಬಾ ಯೋಚನೆ ಮಾಡಿದೆ. ತಂಡ ಹೋದೋರು ಕಾಲ್‌ಗೆ ಬರೋದನ್ನೇ ಬಿಡ್ತಾರೆ. ಆ ಹುಡುಗ ಬಿಟ್ಟ, ಹಾಲಿಹಿಲ್‌ನೋರನ್ನ ತೆಗೆದ್ರೆ ಅವರೂ ಬಿಡ್ತಾರೆ, ನನ್ನ ತೆಗೆದ್ರೆ ನಾನೂ ನಾಚ್ಕೊಂಡು ಬರಲ್ಲ. ನನಗೆ ನೀವೆಲ್ಲರೂ ಬೇಕು. ಎಷ್ಟೇ ಹೊರಗೆ ಹಾಕಿದ್ರೂ ಹೋಗದೇ ಇರೋರು ನಮ್ಮಲ್ಲಿ ನೀವೊಬ್ಬರೇ."

ನಮ್ಮನೆಯವರು ಸೋಫಾ ಮೇಲೆ ಬಿದ್ದು ಬಿದ್ದು ನಗ್ತಿದ್ರು. ನಾನು ಖಡಾಖಂಡಿತವಾಗಿ ಹೇಳ್ದೆ, "ನೋಡ್ತಾ ಇರಿ, ಇನ್ಮೇಲೆ ಈ ಕಡೆ ತಲೆ ಕೂಡ ಹಾಕಲ್ಲ."

ಮುಂದಿನ ಭಾನುವಾರ ಆಟಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಸುಮ್ನೆ ಲಿಂಕ್ ಕೆಲಸ ಮಾಡುತ್ತಾ ನೋಡೋಣ ಅಂತ ಒತ್ತಿದೆ. ಡಾಕ್ಟ್ರು ಆಗಲೇ ಕಾರಲ್ಲಿ ಕೂತು ಕಾಯ್ತಿದ್ರು.

"ಬನ್ನಿ ಬನ್ನಿ ಮೇಡಂ," ಅಂದ್ರು. "ಯಾಕೋ ಲೇಟಾಯ್ತಲ್ಲ?"