ನಾನು ವಾಮದಪದವಿನ ನೆಮ್ಮದಿ ಅಳೆದದ್ದು

ಪ್ರಶ್ನೆ ಕೇಳುವ ವಿದ್ಯೆಯಲ್ಲಿ ನನಗೆ ಇಪ್ಪತ್ತೆರಡು ವರ್ಷಗಳ ಅನುಭವ. ವಾಮದಪದವಿನ ಶಾಲೆಯಲ್ಲಿ ನಾನು ಮಕ್ಕಳಿಗೆ ಕೇಳಿದ ಪ್ರಶ್ನೆಗಳನ್ನು ಸಾಲಾಗಿ ಜೋಡಿಸಿದರೆ ಬಂಟ್ವಾಳಕ್ಕೆ ಹೋಗಿ ವಾಪಸು ಬರಬಹುದು. ಅಂಥವನಿಗೆ ನಲವತ್ತು ಮಂದಿಯ ಹತ್ತಿರ "ನೀವು ಹೇಗಿದ್ದೀರಿ?" ಎಂದು ಕೇಳಿ ಬರೆದುಕೊಂಡು ಬರುವುದೊಂದು ಕೆಲಸವೇ? ನೀರು ಕುಡಿದಷ್ಟು ಸುಲಭ ಅಂದುಕೊಂಡೆ.

ಕೆಲಸ ನಿಜವಾಗಿ ನನ್ನದಲ್ಲ, ನನ್ನ ತಂಗಿಯ ಮಗಳು ಪವಿತ್ರಾಳದ್ದು. ಬೆಳ್ತಂಗಡಿಯ ಹುಡುಗಿ. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಎಂ.ಎ. ಓದುತ್ತ ನಮ್ಮ ಮನೆಯಲ್ಲೇ ಇದ್ದಳು. ಊರಿನವರ ಆರೋಗ್ಯ ಮತ್ತು ನೆಮ್ಮದಿಯ ಬಗ್ಗೆ ಅವಳು ಪ್ರಬಂಧ ಬರೆಯಬೇಕಿತ್ತು. ದಸರಾ ರಜೆ ಮುಗಿದ ಸೋಮವಾರ ನಲವತ್ತು ಜನರ ಫಾರ್ಮ್ ಭರ್ತಿಯಾಗಿ ಅಧ್ಯಾಪಕರ ಮೇಜಿನ ಮೇಲಿರದಿದ್ದರೆ ಆ ವರ್ಷ ಪರೀಕ್ಷೆಗೆ ಕೂರುವ ಹಾಗಿಲ್ಲ. ಅಷ್ಟರಲ್ಲಿ ಹುಡುಗಿ ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಇಳಿಯಲು ಹೋಗಿ ಕಾಲು ಉಳುಕಿಸಿಕೊಂಡಳು. ಡಾಕ್ಟರು ಹತ್ತು ದಿನ ಮಂಚ ಬಿಟ್ಟು ಏಳಬಾರದು ಎಂದರು. ಅವಳು ಅಳಲು ಶುರುಮಾಡಿದಳು.

"ಅಳ್ಬೇಡ ಮಗಾ, ಮಾವ ಇಲ್ವಾ?" ಎಂದೆ.

"ಅದಕ್ಕೇ ಅಳುವುದು ಅವಳು," ಎಂದು ನನ್ನ ಹೆಂಡತಿ ವಿಮಲ ಅಡುಗೆಮನೆಯಿಂದ ಹೇಳಿದಳು. ನಾನು ಕೇಳಿಸದವನಂತೆ ಫಾರ್ಮುಗಳನ್ನು ಎತ್ತಿಕೊಂಡೆ.

"ಮಾವ, ಒಂದೇ ವಿಷಯ ನೆನಪಿಡಿ," ಎಂದಳು ಪವಿತ್ರಾ. "ಅವರು ತಮ್ಮ ಬಗ್ಗೆ ತಾವೇ ಹೇಳ್ಬೇಕು. ಹೇಳಿದ್ದನ್ನೇ ಬರೀಬೇಕು. ನಿಮಗೆ ಗೊತ್ತಿದ್ದದ್ದು ಸೇರಿಸ್ಲಿಕ್ಕಿಲ್ಲ. ತಿದ್ಲಿಕ್ಕಂತೂ ಇಲ್ಲವೇ ಇಲ್ಲ."

"ನನಗೆ ಹೇಳಿಕೊಡ್ತೀಯಾ?" ಎಂದು ನಕ್ಕೆ.

ಮೊದಲ ದಿನ ಒಂದು ಮಹಾ ಯೋಚನೆ ಹೊಳೆಯಿತು. ಮನೆಮನೆ ಅಲೆಯುವುದೇಕೆ? ಊರು ತುಂಬ ನನ್ನ ಹಳೇ ವಿದ್ಯಾರ್ಥಿಗಳೇ ಇದ್ದಾರೆ. ಭಾನುವಾರ ಬೆಳಿಗ್ಗೆ ಇಪ್ಪತ್ತು ಮಂದಿಯನ್ನು ಶಾಲೆಯ ಜಗಲಿಗೆ ಬರಹೇಳಿದೆ. ಎಲ್ಲರೂ ಸ್ನಾನ ಮಾಡಿ, ತಲೆ ಬಾಚಿಕೊಂಡು, ಹೊಸ ಪೆನ್ನು ಹಿಡಿದು ಬಂದರು. ಸಾಲಾಗಿ ಕೂರಿಸಿ ಫಾರ್ಮ್ ಹಂಚಿದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ನಾಲಿಗೆಗೆ ಅಭ್ಯಾಸವಾಗಿಬಿಟ್ಟಿದೆ ನೋಡಿ, "ಒಂದು ಗಂಟೆ ಸಮಯ. ಮಾತಾಡಬಾರದು!" ಎಂದುಬಿಟ್ಟೆ.

ಎಲ್ಲರೂ ತಲೆ ತಗ್ಗಿಸಿ ಬರೆಯತೊಡಗಿದರು. ಎರಡು ಮಕ್ಕಳ ತಂದೆ, ಎಲೆಕ್ಟ್ರಿಷಿಯನ್ ದಿನೇಶ ಹಣೆಯ ಬೆವರು ಒರೆಸಿಕೊಂಡು ಕೈ ಎತ್ತಿದ.

"ಸಾರ್, ಆರನೇ ಪ್ರಶ್ನೆ. ನಿಮ್ಮ ಬದುಕು ನಿಮಗೆ ತೃಪ್ತಿ ಕೊಟ್ಟಿದೆಯೇ ಅಂತ ಉಂಟು. ಅದಕ್ಕೆ ಸರಿಯುತ್ತರ ಯಾವುದು ಸಾರ್?"

"ನಿನಗೆ ಗೊತ್ತಿದ್ದದ್ದು ಬರಿ!"

"ಅದೇ ಗೊತ್ತಿಲ್ಲ ಸಾರ್."

ಅವನು ಬಗ್ಗಿ ಪಕ್ಕಕ್ಕೆ ನೋಡಿದ. ಪಕ್ಕದಲ್ಲಿ ಕೂತವಳು ಶ್ರೀಮತಿ, ಆ ಕಾಲದಲ್ಲಿ ತರಗತಿಗೇ ಮೊದಲಿಗಳು. ಈಗ ಐದು ತಿಂಗಳ ಮಗುವನ್ನು ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. ನಾನು ಹೊರಗೆ ಹೋಗಿ ಒಂದು ಲೋಟ ನೀರು ಕುಡಿದು ಬರುವಷ್ಟರಲ್ಲಿ ಎಲ್ಲರೂ ಫಾರ್ಮ್ ಮುಗಿಸಿ ಕೈಕಟ್ಟಿ ಕೂತಿದ್ದರು. ಎಂಥ ಶಿಸ್ತು! ನನ್ನ ಎದೆ ಉಬ್ಬಿತು.

ಮನೆಗೆ ಬಂದು ನೋಡಿದರೆ ಇಪ್ಪತ್ತು ಮಂದಿಗೂ ವಾರಕ್ಕೆ ಮೂರು ಸಲ ಸೊಂಟನೋವು. ಇಪ್ಪತ್ತು ಮಂದಿಗೂ ಮಧ್ಯರಾತ್ರಿ ಎರಡು ಸಲ ಎಚ್ಚರ. 'ಹೆರಿಗೆಯಾಗಿ ಎಷ್ಟು ತಿಂಗಳಾಯಿತು' ಎಂಬಲ್ಲಿ ದಿನೇಶನನ್ನು ಸೇರಿಸಿ ಎಂಟು ಗಂಡಸರು 'ಐದು' ಎಂದು ಬರೆದಿದ್ದರು! ಆದರೆ ತಿದ್ದಲಿಕ್ಕಿಲ್ಲವಲ್ಲ, ಆಜ್ಞೆಯಾಗಿದೆ. ಕಟ್ಟು ಕಟ್ಟಿ ಇಟ್ಟೆ.

ಉಳಿದ ಇಪ್ಪತ್ತಕ್ಕೆ ಮನೆಮನೆಗೆ ಹೋಗುವುದೆಂದು ತೀರ್ಮಾನಿಸಿದೆ. ಮೊದಲು ಹೋದದ್ದು ದೊಡ್ಡಮನೆಯ ಸುನಂದಮ್ಮನವರಲ್ಲಿಗೆ. ನಮ್ಮ ಜೈನರ ಪೈಕಿ ಊರಿಗೇ ದೊಡ್ಡ ಜಮೀನುದಾರರು ಅವರು.

"ಕಳೆದ ಒಂದು ವಾರದಲ್ಲಿ ಎಷ್ಟು ದಿನ ರಾತ್ರಿ ಉಣ್ಣದೆ ಮಲಗಿದ್ದೀರಿ?" ಎಂದು ಓದಿದೆ.

"ಏಳು ದಿನವೂ," ಎಂದರು ಅವರು. "ಇದೆಂಥ ಪ್ರಶ್ನೆ ಮಾಸ್ಟ್ರೇ? ಸೂರ್ಯ ಮುಳುಗಿದ ಮೇಲೆ ನಾವು ಉಣ್ಲಿಕ್ಕುಂಟಾ? ನೀವೇ ಜೈನರಲ್ವಾ?"

"ನನಗೆ ಗೊತ್ತಿದ್ದದ್ದು ಸೇರಿಸ್ಲಿಕ್ಕಿಲ್ಲಮ್ಮ," ಎಂದು ಗಂಭೀರವಾಗಿ 'ಏಳು' ಬರೆದೆ.

ಅಲ್ಲಿಂದ ಬಟ್ಟೆ ಅಂಗಡಿಯ ಹಮೀದ್ ಬ್ಯಾರಿಯವರಲ್ಲಿಗೆ. ಅಣ್ಣ ಗಲ್ಫಿನಲ್ಲಿ, ಎರಡು ಮಾಳಿಗೆಯ ಅಂಗಡಿ ಇಲ್ಲಿ. ರಂಜಾನಿನ ಮೊದಲ ವಾರ ಆಗಷ್ಟೇ ಮುಗಿದಿತ್ತು.

"ಮಧ್ಯಾಹ್ನ ಊಟ ಬಿಟ್ಟದ್ದಾ? ಏಳು ದಿನ. ಆದ್ರೆ ಅದು ಉಪವಾಸ ಮಾಸ್ಟ್ರೇ, ಗತಿ ಇಲ್ಲದ್ದಲ್ಲ!"

"ಕಾರಣ ಬರೀಲಿಕ್ಕೆ ಜಾಗ ಇಲ್ಲ ಬ್ಯಾರಿಗಳೇ," ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

ಮೂರನೆಯದು ಬೀಡಿ ಕಟ್ಟುವ ಗಿರಿಜಳ ಮನೆ. ಮಡಿಲಲ್ಲಿ ಮೊರದಂಥ ಗೆರಸೆ, ಅದರಲ್ಲಿ ಎಲೆ ಮತ್ತು ಹೊಗೆಸೊಪ್ಪಿನ ಪುಡಿ. ಕೈ ನಿಲ್ಲಿಸದೆಯೇ ನನಗೆ ಮಣೆ ತೋರಿಸಿದಳು.

"ಆರೋಗ್ಯ ಹೇಗಿದೆ?"

"ಅಡ್ಡಿ ಇಲ್ಲ ಮಾಸ್ಟ್ರೇ."

"ಕೆಮ್ಮು ಉಂಟಾ?"

"ಇಲ್ಲ," ಎಂದವಳು ಕೆಮ್ಮಲು ಶುರುಮಾಡಿದಳು. ಕಣ್ಣಲ್ಲಿ ನೀರು ಬಂತು, ಗೆರಸೆ ಅಲುಗಿತು. ನಾನು ಪೆನ್ನು ಹಿಡಿದು ಕಾದೆ.

"ಮತ್ತೆ ಇದು?"

"ಇದು ಬೀಡಿಯದ್ದು. ಕೆಮ್ಮಲ್ಲ."

ನನ್ನ ಕೈ ಒಂದು ಕ್ಷಣ ನಿಂತದ್ದು ನಿಜ. ಆದರೆ ನಿಯಮ ನಿಯಮವೇ! 'ಕೆಮ್ಮು: ಇಲ್ಲ' ಎಂದು ದುಂಡಗೆ ಬರೆದು ಎದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೀಗೆ ಬುಧವಾರದ ಹೊತ್ತಿಗೆ ಮೂವತ್ತೊಂಬತ್ತು ಮುಗಿದವು. ಒಂದು ಉಳಿಯಿತು. ಕಾಲು ನೋಯುತ್ತಿತ್ತು. ವಿಮಲ ಒಳಗೆ ದೋಸೆಗೆ ಅರೆಯುತ್ತಿದ್ದಳು. ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು ಹೊಸದಾಗಿ ಕೇಳುವುದೇನು? ಅವಳ ಫಾರ್ಮನ್ನು ನಾನೇ ತುಂಬಿಸಿದೆ. ನೋವು: ಇಲ್ಲ. ನಿದ್ದೆ: ಚೆನ್ನಾಗಿದೆ. ಕೊನೆಯ ಪ್ರಶ್ನೆ: 'ಅಸೌಖ್ಯವಾದರೆ ಮೊದಲು ಯಾರಿಗೆ ಹೇಳುತ್ತೀರಿ?' 'ಗಂಡನಿಗೆ' ಎಂದು ಬರೆದು ಕೆಳಗೆ ಗೆರೆ ಎಳೆದೆ.

ಪವಿತ್ರಾ ಮಂಚದ ಮೇಲೆ ಕೂತು ಫಾರ್ಮುಗಳನ್ನು ಒಂದೊಂದಾಗಿ ತಿರುವಿದಳು. ಹೆರಿಗೆಯಾದ ಎಂಟು ಗಂಡಸರನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು. ಸುನಂದಮ್ಮ ಮತ್ತು ಹಮೀದ್ ಬ್ಯಾರಿ ಊರಿನಲ್ಲೇ ಅತ್ಯಂತ ಹಸಿದವರು ಎಂದು ನೋಡಿದಾಗ ನಗು ಅರ್ಧಕ್ಕೆ ನಿಂತಿತು. ಗಿರಿಜಳ ಫಾರ್ಮ್ ಕೈಗೆ ಬಂದಾಗ ಅವಳು ನಗಲಿಲ್ಲ.

"ಮಾವ, ಇವರು ಕೆಮ್ಮುವುದು ನಮ್ಮ ಬಸ್‌ಸ್ಟಾಪಿಗೆ ಕೇಳ್ತದೆ. ಊರಿನಲ್ಲಿ ಎಲ್ಲರಿಗಿಂತ ಆರೋಗ್ಯವಂತೆ ಇವರೇ ಅಂತ ಬರೀಲಾ ನಾನು?" ಎಂದವಳೇ ಗೋಡೆಯ ಕಡೆ ತಿರುಗಿ ಅತ್ತಳು. "ನನ್ನ ಒಂದು ವರ್ಷ ಹೋಯ್ತು."

"ನೀನು ಹೇಳಿದ ಹಾಗೇ ಮಾಡಿದ್ದು ನಾನು!" ಎಂದು ದನಿ ಏರಿಸಿದೆ. ತಪ್ಪು ಮಾಡಿದವನ ದನಿ ಯಾವಾಗಲೂ ಸ್ವಲ್ಪ ದೊಡ್ಡದೇ.

ವಿಮಲ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಸಾಕು ಮಾರಾಯ್ರೆ, ಸ್ವಲ್ಪ ಸುಮ್ಮನಿರಿ. ಇನ್ನೂ ನಾಲ್ಕು ದಿನ ಉಂಟು. ಬೇರೆ ಫಾರ್ಮ್ ಉಂಟಾ ಮಗಾ? ನಾಳೆಯಿಂದ ನಾವಿಬ್ರು ರಿಕ್ಷಾದಲ್ಲಿ ಹೋಗುವ. ನೀನು ಕಾಲು ನೀಡಿ ಕೂತ್ಕೊ, ಮಾತು ನಾನು ಆಡ್ತೇನೆ."

"ನಾನು?" ಎಂದೆ.

"ನೀವು ರಿಕ್ಷಾದಲ್ಲಿ ಕೂತಿರಿ. ಇಳೀಬೇಡಿ."

ಇಳಿಯಲಿಲ್ಲ. ಗಿರಿಜಳ ಮನೆಯೆದುರು ಮುಕ್ಕಾಲು ಗಂಟೆ ರಿಕ್ಷಾ ಡ್ರೈವರನ ಜೊತೆ ಕೂತು ನೋಡಿದೆ. ವಿಮಲ ಫಾರ್ಮನ್ನು ತೆಗೆಯಲೇ ಇಲ್ಲ. ಗಿರಿಜಳ ಪಕ್ಕದಲ್ಲಿ ಕೂತು ಎಲೆ ಕತ್ತರಿಸಿಕೊಟ್ಟಳು. ಮಗಳ ಶಾಲೆ, ತರಕಾರಿ ರೇಟು, ನನ್ನ ಗೊರಕೆ, ಎಲ್ಲ ಮಾತಾಡಿದರು. ಆಮೇಲೆ ಗಿರಿಜ ತಾನಾಗಿಯೇ ಹೇಳಿದಳಂತೆ: ರಾತ್ರಿ ಕೆಮ್ಮಿ ಕೆಮ್ಮಿ ಎದ್ದು ಕೂರುತ್ತಾಳೆ, ಕೆಮ್ಮು ಉಂಟೆಂದು ಬರವಣಿಗೆಯಲ್ಲಿ ಹೋದರೆ ಬೀಡಿ ಕಂಟ್ರಾಕ್ಟರಿಗೆ ಗೊತ್ತಾಗಿ ಎಲೆ ಕೊಡುವುದನ್ನು ನಿಲ್ಲಿಸಬಹುದೆಂದು ಹೆದರಿಕೆ. ಪ್ರಬಂಧದಲ್ಲಿ ಯಾರ ಹೆಸರೂ ಬರೆಯುವುದಿಲ್ಲ ಎಂದು ಪವಿತ್ರಾ ವಿವರಿಸಿದಳು. ನಾನು ಅದನ್ನೂ ಹೇಳಿರಲಿಲ್ಲ. ಮರುದಿನವೇ ವಿಮಲ ಅವಳನ್ನು ಬಂಟ್ವಾಳದ ಡಾಕ್ಟರಲ್ಲಿಗೆ ಕರೆದುಕೊಂಡು ಹೋದಳು. ಔಷಧಿ ಶುರುವಾಯಿತು.

ಭಾನುವಾರ ಸಂಜೆ ಮೂವತ್ತೊಂಬತ್ತು ಫಾರ್ಮುಗಳು ಮತ್ತೆ ಭರ್ತಿಯಾದವು. ಈ ಸಲ ದಿನೇಶ ಬಾಣಂತಿಯಾಗಿರಲಿಲ್ಲ. ಉಳಿದದ್ದು ವಿಮಲಳದ್ದು ಒಂದೇ. ಪವಿತ್ರಾ ಪೆನ್ನು ತೆಗೆದು ನನ್ನ ಮುಖ ನೋಡಿದಳು.

"ಮಾವ, ಸ್ವಲ್ಪ ಹೊರಗೆ ಹೋಗ್ತೀರಾ?"

"ಇರ್ಲಿ, ಕೇಳ್ಲಿ," ಎಂದಳು ವಿಮಲ.

ಕೇಳಿದೆ. ಮೊಣಕಾಲು ನೋವು, ಪ್ರತಿದಿನ. ನಿದ್ದೆ, ಬೆಳಗಿನ ಜಾವದವರೆಗೆ ಇಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ನನಗೆ ಇದು ಗೊತ್ತೇ ಇರಲಿಲ್ಲ.

"ಅಸೌಖ್ಯ ಆದ್ರೆ ಮೊದಲು ಯಾರಿಗೆ ಹೇಳ್ತೀರಿ ಅತ್ತೆ?"

"ಪಕ್ಕದ ಮನೆ ಝುಲೇಖಾಳಿಗೆ."

"ಮಾವನಿಗೆ?"

"ಅವರಿಗೆ ಹೇಳಿದ್ರೆ ತಿದ್ತಾರೆ ಮಗಾ. ತಲೆನೋವು ಅಂದ್ರೆ, ಅದು ತಲೆನೋವಲ್ಲ, ನೀನು ಹೊತ್ತಿಗೆ ಸರಿಯಾಗಿ ಉಣ್ಣದ್ದು ಅಂತಾರೆ. ಕಾಲುನೋವು ಅಂದ್ರೆ, ಅದು ನೋವಲ್ಲ, ಬರೀ ಸುಸ್ತು ಅಂತಾರೆ. ಯಾರಿಗೆ ಬೇಕು?"

"ಸುಳ್ಳು!" ಎಂದು ನಾನು ಎದ್ದು ನಿಂತೆ. "ನಾನು ಯಾವತ್ತೂ ಹಾಗೆ ಹೇಳಿದ್ದಿಲ್ಲ. ಸುಸ್ತು ಅಂದದ್ದು ಒಂದೇ ಸಲ, ಅದೂ ಕಾಲಿಗಲ್ಲ, ಸೊಂಟಕ್ಕೆ!"

ಇಬ್ಬರೂ ನನ್ನನ್ನೇ ನೋಡಿದರು. ವಿಮಲ ಸಣ್ಣಗೆ ನಕ್ಕು ಪವಿತ್ರಾಳ ಕಡೆ ತಿರುಗಿದಳು.

"ಬರ್ಕೊ ಮಗಾ," ಎಂದಳು. "ಝುಲೇಖಾಳಿಗೆ."