ಕುಸುಬಿ ಎಣ್ಣೆಯ ದಿಗ್ವಿಜಯ

ಎಲೈ ವಾಗ್ದೇವಿಯೇ, ಗಜ ತುರಗ ಪದಾತಿಗಳ ಕಥೆ ಹೇಳಿ ಹೇಳಿ ದಣಿದಿರುವ ನಿನ್ನ ನಾಲಗೆಯನ್ನು ಈ ಹೊತ್ತು ಕೊಂಚ ಇತ್ತ ಹೊರಳಿಸು. ಪೆಟ್ರೋಲಿನ ಬೆಲೆಯೊಂದು ಊರ್ಧ್ವಮುಖವಾಗಿ ಉಳಿದೆಲ್ಲವೂ ಅಧೋಮುಖವಾಗಿದ್ದ ಕಲಿಯುಗದ ಪ್ರಥಮಪಾದದಲ್ಲಿ, ಆದಿತ್ಯನು ಬೇರೆ ಊರುಗಳನ್ನೆಲ್ಲ ಬಿಟ್ಟು ಗದಗ ಪಟ್ಟಣವನ್ನೇ ಹುಡುಕಿಕೊಂಡು ಬಂದು ಕಾಯಿಸುತ್ತಿದ್ದ ಮಾಘಮಾಸದಲ್ಲಿ, ತಾಮ್ರಹಿತ್ತಾಳೆಸ್ಟೀಲುಪಾತ್ರಾವಿಕ್ರಯಧುರಂಧರನೂ, ಗಿರಾಕಿಜನಚೌಕಾಶಿಭಂಜನನೂ, ಹೆಂಡತಿಯ ಎದುರಿನಲ್ಲಿ ಮಾತ್ರ ವಿನಯಭೂಷಣನೂ ಆದ ಈರಸಂಗಪ್ಪ ಮೆಣಸಿನಕಾಯಿಯೆಂಬ ಮಹಾರಥಿಯು ತನ್ನ ಕಾರಿನ ಮಾಸಿದ ಬಂಪರನ್ನು ಮರಳಿ ಕಪ್ಪಾಗಿಸಲು ಹೊರಟ ಪುಣ್ಯಚರಿತ್ರೆಯನ್ನು ನನ್ನ ಬಾಯಿಂದ ಆಡಿಸು. ಆಡಿಸದಿದ್ದರೂ ಚಿಂತೆಯಿಲ್ಲ, ನಾನು ಹೇಳಿಯೇ ತೀರುವವನು.

ಮಹಾರಥಿಯೆಂದ ಮೇಲೆ ರಥವಿರಲೇಬೇಕು. ಇತ್ತು. ಶುಭ್ರಶ್ವೇತವರ್ಣದ, ನಾಲ್ವರಿಗೆಂದು ಮಾಡಿದ್ದರೂ ಏಳು ಮಂದಿಯನ್ನು ಹೊತ್ತು ಅಭ್ಯಾಸವಾಗಿದ್ದ ಒಂದು ಪುಟ್ಟ ಹಳೆಯ ಕಾರು. ಒಬ್ಬಳೇ ಮಗಳು ದಾಕ್ಷಾಯಣಿ ಹೈಸ್ಕೂಲು ಸೇರಿದ ವರ್ಷ ಕೊಂಡದ್ದು. ಅದರ ಬಿಳಿ ಮೈ ಇಂದಿಗೂ ಲಕಲಕ ಎನ್ನುತ್ತಿತ್ತು. ಆದರೆ ಎಂಥ ವೀರನಿಗೂ ಒಂದು ಮರ್ಮಸ್ಥಾನ ಇದ್ದೇ ಇರುತ್ತದೆ. ಈ ರಥದ ಮರ್ಮಸ್ಥಾನ ಅದರ ಕಪ್ಪು ಪ್ಲಾಸ್ಟಿಕ್ಕಿನ ಒಡವೆಗಳು. ಮುಂದಿನ ಬಂಪರು, ಹಿಂದಿನ ಬಂಪರು, ಬಾಗಿಲುಗಳ ಉದ್ದನೆಯ ಪಟ್ಟಿಗಳು, ಕನ್ನಡಿಗಳ ಚಿಪ್ಪು, ಇವೆಲ್ಲವೂ ವರ್ಷಗಟ್ಟಲೆ ಬಿಸಿಲು ಕುಡಿದು ತಮ್ಮ ಮೇಘಶ್ಯಾಮಲ ಕಾಂತಿಯನ್ನು ಕಳೆದುಕೊಂಡು ಒಲೆಯ ಬೂದಿಯ ಬಣ್ಣಕ್ಕೆ ತಿರುಗಿದ್ದವು.

ಈರಸಂಗಪ್ಪನಿಗೆ ಇದು ಕಾಣುತ್ತಿರಲಿಲ್ಲ. ದಿನವೂ ನೋಡುವ ಮುಖದ ಮುಪ್ಪು ಯಾರಿಗೆ ಕಾಣುತ್ತದೆ? ಕಾಣಿಸಿಕೊಟ್ಟವಳು ಅವನ ಬೀಗತಿ, ಎಂದರೆ ದಾಕ್ಷಾಯಣಿಯ ಅತ್ತೆ, ಸಂಗನಬಸವ್ವ. ದೀಪಾವಳಿಗೆ ಬಂದಿದ್ದ ಮಗಳನ್ನು ಅತ್ತೆಮನೆಗೆ ಮುಟ್ಟಿಸಲು ಹೋದಾಗ, ಕುಕನೂರಿನ ಕಡೆಯ ಆ ಹಳ್ಳಿಯ ಅಂಗಳದಲ್ಲಿ, ಹತ್ತು ಜನರ ಎದುರಿಗೆ ಆಕೆ ಕಾರನ್ನು ಒಮ್ಮೆ ಸುತ್ತು ಹಾಕಿ, "ಬೀಗರ ಕಾರು ಒಲ್ಯಾಗ ಹೊಳ್ಳಾಡಿ ಬಂದಂಗ ಕಾಣತೈತಲ್ಲ" ಎಂದಿದ್ದಳು. ಜನ ನಕ್ಕರು. ಈರಸಂಗಪ್ಪನೂ ನಕ್ಕ. ಆ ನಗೆಯನ್ನು ಅವನು ಗದಗಿನವರೆಗೂ ಹೊತ್ತು ತಂದು ಮನೆಯಲ್ಲಿ ಇಳಿಸಿದಾಗ ಅದು ಕೋಪವಾಗಿತ್ತು.

ಈಗ ದಾಕ್ಷಾಯಣಿಗೆ ಏಳು ತಿಂಗಳು. ಬೀಗರ ಮನೆಯಲ್ಲಿ ಕುಬಸದ ದಿನ ಗೊತ್ತಾಗಿತ್ತು. ಹಸಿರು ಸೀರೆ, ಬಳೆ, ಬುತ್ತಿ ಕಟ್ಟಿಕೊಂಡು ತವರಿನವರು ಹೋಗಿ, ಉಡಿ ತುಂಬಿ, ಬಸುರಿಯನ್ನು ಹೆರಿಗೆಗೆ ಕರೆತರುವುದು ನಮ್ಮ ಕಡೆಯ ಪದ್ಧತಿ. ಇಲ್ಲಿ ನಾನು ಅಲಂಕಾರವನ್ನು ಪಕ್ಕಕ್ಕಿಟ್ಟು ಹೇಳುತ್ತೇನೆ: ಮಗಳು ಬೇರೆ ಯಾವ ಕಾರಿನಲ್ಲೂ ಅಲ್ಲ, ತನ್ನ ಕಾರಿನಲ್ಲೇ ತವರಿಗೆ ಬರಬೇಕೆಂಬುದು ಈರಸಂಗಪ್ಪನ ಜೀವದ ಆಸೆಯಾಗಿತ್ತು. ಆಕೆಯನ್ನು ಶಾಲೆಗೆ, ಪರೀಕ್ಷೆಗೆ, ಕೊನೆಗೆ ಅಳುತ್ತಿದ್ದವಳನ್ನು ಗಂಡನ ಮನೆಗೆ ಮುಟ್ಟಿಸಿದ್ದು ಇದೇ ಕಾರು. ಮುಟ್ಟಿಸಿದ್ದೇ ಕರೆದುಕೊಂಡು ಬರಬೇಕು ಎಂಬುದು ಅವನ ಲೆಕ್ಕ.

ಇದಕ್ಕೆ ಅಡ್ಡ ನಿಂತವನು ಅವನ ಹೆಂಡತಿಯ ತಮ್ಮ, ನೂತನವಾಹನಮದೋನ್ಮತ್ತನಾದ ಚನ್ನವೀರ. ಆನೆಯ ಎತ್ತರದ ಹೊಸ ಕಾರು ತಂದು ಇನ್ನೂ ಸೀಟಿನ ಪ್ಲಾಸ್ಟಿಕ್ ಹಾಳೆಯನ್ನೇ ತೆಗೆದಿರದ ಆತ, ಅಕ್ಕನ ಮಗಳನ್ನು ತನ್ನ ಕಾರಿನಲ್ಲೇ ತರೋಣ, ಬೀಗರ ಮುಂದೆ ನಮ್ಮ ಮರ್ಯಾದೆಯೂ ಉಳಿಯುತ್ತದೆ ಎಂದು ಸೂಚಿಸಿದನು. ಮರ್ಯಾದೆಯೆಂಬ ಮಾತು ಕಿವಿಗೆ ಬಿದ್ದದ್ದೇ ತಡ, ಈರಸಂಗಪ್ಪನ ಹೆಂಡತಿ ನೀಲಗಂಗವ್ವ ತಮ್ಮನ ಪಕ್ಷಕ್ಕೆ ವಾಲಿದಳು. ಆದರೂ ಗಂಡನ ಮೋರೆ ನೋಡಿ ಕರಗಿ ಒಂದು ನ್ಯಾಯ ಹೇಳಿದಳು: ಹೊರಡುವ ಮುಂಜಾನೆಯೊಳಗೆ ಆ ಬೂದಿಬಣ್ಣ ಹೋದರೆ ದಾಕ್ಷಿ ಅಪ್ಪನ ಕಾರಿನಲ್ಲಿ, ಹೋಗದಿದ್ದರೆ ಸೋದರಮಾವನ ಕಾರಿನಲ್ಲಿ.

ಚನ್ನವೀರ ಕೆಟ್ಟವನಲ್ಲ. ಹುಬ್ಬಳ್ಳಿಯಲ್ಲಿ ಇದಕ್ಕೆಂದೇ ಪಾಲಿಶ್ ಸಿಗುತ್ತದೆ, ತರಿಸಿಕೊಡುತ್ತೇನೆ ಎಂದನು. ಶತ್ರುವಿನಿಂದ ಶಸ್ತ್ರ ಪಡೆಯುವುದೇ? ಆಗ ನಮ್ಮ ವೀರನು ಎದ್ದು ನಿಂತು, "ಎಲವೋ ಶ್ಯಾಲಕಾಧಮ! ಹಿತ್ತಾಳೆಯ ಕೊಡಗಳನ್ನು ಹೇಮಕುಂಭಗಳನ್ನಾಗಿಸಿದ, ತಾಮ್ರದ ತಂಬಿಗೆಯಲ್ಲಿ ಬಾಲಭಾಸ್ಕರನನ್ನು ಬಿಂಬಿಸಿದ ಈ ಭುಜದಂಡಗಳು ಒಂದು ತೃಣಸಮಾನ ಬಂಪರಿಗೆ ಬೆದರುವುವೆ? ನಾಡಿದ್ದು ಅರುಣೋದಯಕ್ಕೆ ನಿನ್ನ ಕಣ್ಣು ಕುಕ್ಕದಿದ್ದರೆ ನಾನು ಮೆಣಸಿನಕಾಯಿ ವಂಶದವನೇ ಅಲ್ಲ" ಎಂದು ದಿಗ್ಗಜಗಳು ಬೆಚ್ಚುವಂತೆ ಘರ್ಜಿಸಿದನೆಂದು ನಾನು ಬರೆಯುತ್ತೇನೆ. ಅವನು ನಿಜಕ್ಕೂ ಆಡಿದ್ದು ಇಷ್ಟು: "ನಿನ್ನ ಪಾಲಿಶ್ ನಿನ್ನ ಕಡೇನ ಇರ್ಲಿ ಚನ್ನವೀರ. ಭಾಂಡೆ ಅಂಗಡಿಯವಗ ತಿಕ್ಕೂದು ಹೇಳಿಕೊಡಬ್ಯಾಡ."

ಮೊದಲ ದಿನದ ಯುದ್ಧದಲ್ಲಿ ಅವನು ಸಾಬೂನಿನ ನೊರೆಯನ್ನೂ ತೆಂಗಿನ ನಾರನ್ನೂ ಪ್ರಯೋಗಿಸಿದನು. ಕೆಸರು ಹೋಯಿತು, ಬೂದಿಬಣ್ಣ ಹೋಗಲಿಲ್ಲ. ಆಗ ಅಂಗಡಿಯ ಅನುಭವವೆಲ್ಲ ಮೈಮೇಲೆ ಬಂದು, ಹಿತ್ತಾಳೆಯ ದೀಪದ ಸಮಯಿ ಹೊಳೆಯುವುದು ಯಾವುದರಿಂದ ಎಂದು ತನ್ನನ್ನೇ ಕೇಳಿಕೊಂಡು, ಹುಣಸೆಹಣ್ಣು ಕಿವುಚಿ, ಬೂದಿ ಬೆರೆಸಿ, ಬಂಪರಿಗೆ ಮೆತ್ತಿ, ಬೆವರು ಕಿತ್ತು ಬರುವವರೆಗೂ ತಿಕ್ಕಿದನು. ಓದುಗರೇ, ಬೂದಿಬಣ್ಣವನ್ನು ಬೂದಿಯಿಂದ ಓಡಿಸಲು ಹೊರಟ ಮತ್ತೊಬ್ಬ ವೀರನನ್ನು ನಾನು ಕಂಡಿಲ್ಲ. ಒಣಗಿದ ಮೇಲೆ ಬಂಪರಿಗೆ ಬಿಳಿಯ ಗೆರೆಗಳು ಹೆಚ್ಚಾದವು. ದಾರಿಹೋಕರೊಬ್ಬರು ನಿಂತು, ಕಾರಿಗೆ ಪೂಜೆಯೋ ಎಂದು ವಿಚಾರಿಸಿಕೊಂಡು ಹೋದರು.

ಎರಡನೆಯ ದಿನ ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಅವನಿಗೆ ಜ್ಞಾನೋದಯವಾಯಿತು. ಅವನ ಅಜ್ಜ ಕಾರಹುಣ್ಣಿಮೆಯ ಮುಂಜಾನೆ ಎತ್ತುಗಳ ಕೊಂಬು ಹೆರೆದು, ಕುಸುಬಿ ಎಣ್ಣೆ ಸವರಿ, ಕರಿಗಲ್ಲಿನಂತೆ ಮಿಂಚಿಸುತ್ತಿದ್ದನು. ಬಂಡಿಗೆ ಎತ್ತು ಮುಂದೆ, ಎತ್ತಿಗೆ ಕೊಂಬು ಮುಂದೆ. ಕಾರಿಗೆ ಎತ್ತಿಲ್ಲ, ಬಂಪರು ಮುಂದೆ. ಆದ್ದರಿಂದ ಬಂಪರೇ ಕೊಂಬು. ಇಂಥ ತರ್ಕವನ್ನು ಕಾಶಿಯ ಪಂಡಿತರೂ ಮುರಿಯಲಾರರು.

ಆದರೆ ಕುಸುಬಿ ಎಣ್ಣೆಯು ಪಾಕಶಾಲಾದುರ್ಗದೊಳಗಿತ್ತು. ಆ ದುರ್ಗದ ಬಾಗಿಲಲ್ಲಿ ಲಟ್ಟಣಿಗೆಹಸ್ತೆಯೂ ಬುತ್ತಿಸಿದ್ಧತಾವ್ಯಗ್ರಚಿತ್ತೆಯೂ ಆದ ನೀಲಗಂಗವ್ವ ನಿಂತಿದ್ದಳು. ಗಾಣದಿಂದ ತಂದ ಎಣ್ಣೆ ಬುತ್ತಿಗೆ, ಬಂಪರಿಗಲ್ಲ ಎಂದು ಆಕೆ ಖಂಡಿತವಾಗಿ ಹೇಳಿದಳು. ಅವನು ಎತ್ತಿನ ಕೊಂಬಿನ ವೃತ್ತಾಂತವನ್ನು ಹೇಳಿದನು. ಆಕೆ ಹೋಳಿಗೆ ಲಟ್ಟಿಸುತ್ತಲೇ ಕೇಳಿದಳು. ಅವನು ಅಜ್ಜನ ಮೇಲೆ ಆಣೆ ಇಟ್ಟನು. ಆಕೆ ಹೋಳಿಗೆ ಮಗುಚಿದಳು. ಕೊನೆಗೆ ಅವನು ಬಾಗಿಲ ಚೌಕಟ್ಟಿಗೆ ಒರಗಿ, ಯಾವ ವೀರಗಾಥೆಗೂ ಒಪ್ಪದ ದನಿಯಲ್ಲಿ, "ನೀಲಾ, ನನಗ ನನ್ನ ಮಗಳನ್ನ ನಾನ ಕರಕೊಂಡ ಬರಬೇಕಾಗೈತಿ" ಎಂದನು.

ಆಕೆ ಲಟ್ಟಣಿಗೆ ಕೆಳಗಿಟ್ಟಳು. ಒಂದು ಬಟ್ಟಲು ಎಣ್ಣೆ ಸುರಿದು ಕೈಗೆ ಕೊಟ್ಟು, "ಎಣ್ಣಿ ಹಚ್ಚಿದ ಮುಖಕ್ಕ ಧೂಳ ಬಾಳ ಹತ್ತತೈತ್ರಿ, ನೋಡ್ಕೋರಿ ಮತ್ತ" ಎಂದಳು. ಗೆದ್ದವನ ಕಿವಿಗೆ ಎಚ್ಚರಿಕೆ ಇಳಿಯುವುದುಂಟೆ?

ಹೊರಡುವ ಮುಂಜಾನೆ ಸೂರ್ಯನು ಪಕ್ಕದ ಬೆಟಗೇರಿಯ ಮಾಳಿಗೆಗಳ ಮೇಲಿಂದ ಇಣುಕಿ ನೋಡಿ ಬೆರಗಾದನು. ಬಂಪರು ಕಪ್ಪಾಗಿತ್ತು. ಅಮಾವಾಸ್ಯೆಯನ್ನು ಎರಕ ಹೊಯ್ದಷ್ಟು ಕಪ್ಪು. ಬಾಗಿಲ ಪಟ್ಟಿಗಳಲ್ಲಿ ಎದುರುಮನೆಯ ತುಳಸಿಕಟ್ಟೆ ಕಾಣುತ್ತಿತ್ತು. ಚನ್ನವೀರ ಬಂದು, ಬೆರಳಿನಿಂದ ಮುಟ್ಟಿ, ಬೆರಳನ್ನು ಮೂಸಿ ಸೋಲೊಪ್ಪಿದನು. ಆದರೂ ಬುತ್ತಿ ಮತ್ತು ಹೆಂಗಸರಿಗೆ ಜಾಗ ಸಾಲದೆಂದು ಅವನ ಕಾರೂ ಹಿಂದೆ ಹೊರಟಿತು. ದಿಗ್ವಿಜಯಕ್ಕೆ ಬಾಲವಿದ್ದರೆ ಶೋಭೆ ಎಂದು ಮಹಾರಥಿ ಅನುಮತಿ ದಯಪಾಲಿಸಿದನು.

ಈ ಪ್ರಾಂತದ ರಾಜಮಾರ್ಗಗಳ ಮಹಿಮೆಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಸುಗ್ಗಿಯಲ್ಲಿ ನಮ್ಮ ರೈತರಿಗೆ ಕಣ ಬೇರೆ ಬೇಕಿಲ್ಲ. ಕಡಲೆ ಗಿಡಗಳನ್ನು ಕಿತ್ತು ತಂದು ಡಾಂಬರು ರಸ್ತೆಯ ಮೇಲೆ ಹರವಿಬಿಡುತ್ತಾರೆ. ಹೋಗುವ ಬರುವ ಗಾಡಿಗಳ ಗಾಲಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಊರ ಹೊರಗಿನ ತಿರುವು ದಾಟುತ್ತಲೇ ಮೊದಲ ಹರವು ಬಂತು. ಪಕ್ಕದಲ್ಲಿ ನಿಂತ ರೈತ, ಮೇಲಿಂದಲೇ ಹಾಯಿಸಿರೆಂದು ಕೈ ಬೀಸಿದನು. ಈರಸಂಗಪ್ಪ ಅದನ್ನು ಜಯಕಾರವೆಂದು ತಿಳಿದು ಹಾರ್ನ್ ಬಾರಿಸಿ ನುಗ್ಗಿದನು. ಆಮೇಲೆ ಇನ್ನೊಂದು ಹರವು, ಮುಂದಿನ ಹಳ್ಳಿಯಲ್ಲಿ ಮತ್ತೊಂದು. ಕಾರಿನ ಎರಡೂ ಕಡೆ ಹೊಟ್ಟು ಹೊನ್ನಿನ ಮಳೆಯಾಗಿ ಎದ್ದಿತು. ಒಳಗೆ ಕುಳಿತವನಿಗೆ ಅದು ಪುಷ್ಪವೃಷ್ಟಿ.

ಬೀಗರ ಅಂಗಳದಲ್ಲಿ ಅವನು ಮೀಸೆ ತೀಡುತ್ತಾ ಕೆಳಗಿಳಿದು, ಎಲ್ಲರೂ ಏನನ್ನು ದಿಟ್ಟಿಸುತ್ತಿದ್ದಾರೆಂದು ತಿರುಗಿ ನೋಡಿದನು. ಕಾರಿಗೆ ಗಡ್ಡ ಬಂದಿತ್ತು. ಕುಸುಬಿ ಎಣ್ಣೆ ಎಲ್ಲೆಲ್ಲಿ ಮಿಂಚಿತ್ತೋ ಅಲ್ಲೆಲ್ಲ ಕಡಲೆಯ ಹೊಟ್ಟು ದಟ್ಟವಾಗಿ ಹತ್ತಿಕೊಂಡು, ಬಂಪರಿನಲ್ಲಿ ಗಡ್ಡ, ಬಾಗಿಲುಗಳಿಗೆ ಮೀಸೆ, ಕನ್ನಡಿಗಳಿಗೆ ಹುಬ್ಬು. ಹಿಂದೆ ಬಂದ ಚನ್ನವೀರನ ಕಾರು ಒಮ್ಮೆ ಒರೆಸಿದರೆ ಸಾಕೆಂಬಂತೆ ನಿಂತಿತ್ತು. ನೀಲಗಂಗವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಳುವೋ ನಗೆಯೋ ನಾನು ಹೇಳಲಾರೆ.

ಅಷ್ಟರಲ್ಲಿ ದನ ಕಟ್ಟುವ ದಂದಕ್ಕಿಯಿಂದ ಸಂಗನಬಸವ್ವನ ಕೆಂದಾಕಳು ಹಗ್ಗ ಜಗ್ಗಿ ಬಿಡಿಸಿಕೊಂಡು ಬಂದಿತು. ಹೊಟ್ಟು, ಅದಕ್ಕೆ ಎಣ್ಣೆ. ಜನ್ಮದಲ್ಲಿ ಅದಕ್ಕೆ ಇಂಥ ಹಬ್ಬದೂಟ ಬಡಿಸಿದವರಿರಲಿಲ್ಲ. ಉದ್ದನೆಯ ಒರಟು ನಾಲಗೆ ಚಾಚಿ ಎಡತುದಿಯಿಂದ ಆರಂಭಿಸಿ ಬಂಪರಿನ ಅರ್ಧದವರೆಗೂ ಭಕ್ತಿಯಿಂದ ನೆಕ್ಕಿತು. ನೆಕ್ಕಿದಲ್ಲಿ ಹೊಟ್ಟೂ ಹೋಯಿತು, ಎಣ್ಣೆಯೂ ಹೋಯಿತು. ಕೆಳಗಿನಿಂದ ಆ ಹಳೆಯ ಬೂದಿಬಣ್ಣ, ಎಲ್ಲಿಯೂ ಹೋಗಿರಲಿಲ್ಲವೆಂಬಂತೆ, ಮೇಲೆ ಬಂತು. ಅಂಗಳದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಈರಸಂಗಪ್ಪನಿಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ನಾಚಿಕೆಗಿಂತ ಹೆಚ್ಚಾಗಿ ದುಃಖವಾಯಿತು. ಆಕಳನ್ನು ಕಟ್ಟಿ ಬಂದ ಸಂಗನಬಸವ್ವನಿಗೆ ಅವನು, ದೀಪಾವಳಿಯಲ್ಲಿ ನೀವಾಡಿದ ಮಾತಿಗಾಗಿಯೇ ಇಷ್ಟೆಲ್ಲ ಮಾಡಿದೆನೆಂದು ತಡೆಯಲಾರದೆ ಹೇಳಿಬಿಟ್ಟನು. ಆಕೆ ನಿಜವಾಗಿಯೂ ಯೋಚಿಸಿ ನೋಡಿದಳು. "ನಾ ಯಾವಾಗ ಅಂದಿದ್ನ್ರಿ ಬೀಗರ? ನನಗ ನೆಪ್ಪ ಇಲ್ಲ ನೋಡ್ರಿ. ಬರ್ರಿ, ಕಾಲಿಗೆ ನೀರ ತಗೋರಿ." ಇಷ್ಟು ದಿನ ಅವನನ್ನು ಉಣ್ಣಗೊಡದ ಮಹಾಪಮಾನಕ್ಕೆ ಅಪಮಾನಿಸಿದವಳ ನೆನಪಿನಲ್ಲೇ ಜಾಗವಿರಲಿಲ್ಲ.

ಕುಬಸ ಚೆನ್ನಾಗಿ ಆಯಿತು. ಆರತಿ ಎತ್ತಿದರು, ಉಡಿ ತುಂಬಿದರು, ಹೋಳಿಗೆ ಉಂಡರು. ಇಳಿಹೊತ್ತಿಗೆ ದಾಕ್ಷಾಯಣಿ ಹಸಿರು ಸೀರೆಯಲ್ಲಿ, ಕೈತುಂಬ ಬಳೆಯಲ್ಲಿ ಹೊಸ್ತಿಲು ದಾಟಿ ಹೊರಗೆ ಬಂದಳು. ಅಂಗಳದಲ್ಲಿ ಎರಡು ಕಾರು. ಚನ್ನವೀರ ಬಾಗಿಲು ತೆರೆದು ನಿಂತಿದ್ದನು. ಅರ್ಧ ಗಡ್ಡದ ಕಾರಿನ ಪಕ್ಕ ಈರಸಂಗಪ್ಪ ತಲೆ ತಗ್ಗಿಸಿ ನಿಂತಿದ್ದನು. ಬೂದಿಬಣ್ಣ ಮರಳಿದ ಮೇಲೆ ಕೊಟ್ಟ ಮಾತು ಮಾತೇ. ಮಗಳು ಅತ್ತ ಹೋದರೆ ತಡೆಯುವ ಹಕ್ಕು ಅವನಿಗಿರಲಿಲ್ಲ.

ಆಕೆ ಅತ್ತಲೇ ಹೋದಳು. ಎತ್ತರದ ಮೆಟ್ಟಿಲಿಗೆ ಒಂದು ಕಾಲಿಟ್ಟು ಏರಲು ನೋಡಿದಳು. ಒಳಗಿನ ಹೊಸ ಸೀಟುಗಳ ವಾಸನೆ ಮೂಗಿಗೆ ಬಡಿದದ್ದೇ, ಬಾಯಿಗೆ ಸೆರಗು ಹಿಡಿದುಕೊಂಡು ಕೆಳಗಿಳಿದು, ಬಳೆಗಳ ಸಪ್ಪಳ ಮಾಡುತ್ತಾ ಇತ್ತ ಬಂದು, ಅಪ್ಪನ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು, ಅಬ್ಬಾ ಎಂದು ಉಸಿರು ಬಿಟ್ಟಳು.

ಮಹಾರಥಿ ತೆರೆದ ಬಾಗಿಲ ಬಳಿಗೆ ಬಂದು ಬಗ್ಗಿದನು. ಏನಾದರೂ ಹೇಳಬೇಕಲ್ಲ. ಬಂಪರನ್ನು ಸರಿಮಾಡಬೇಕೆಂದಿದ್ದೆ, ಆಗಲಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ತೊದಲಿದನು.

"ಯಾವ ಬಂಪರ್?" ಎಂದಳು ದಾಕ್ಷಾಯಣಿ. "ಅಪ್ಪಾ, ಈ ಸೀಟ ಸ್ವಲ್ಪ ಹಿಂದ ಸರಸು. ಕಾಲು ಬಾತಾವು."

ಗಿರಾಕಿಜನಚೌಕಾಶಿಭಂಜನನು ಅಂಗಳದ ಮಣ್ಣಿನಲ್ಲಿ ಮೊಣಕಾಲೂರಿ ಕುಳಿತು, ಸೀಟಿನ ಕೆಳಗೆ ಕೈ ಹಾಕಿ, ಹಿಡಿಕೆಗಾಗಿ ತಡಕಾಡಿದನು.